ಒಂದೇ ಸ್ವರದ ಹನ್ನೊಂದು ಕ್ಯಾಸೆಟ್ಟು

ಮದುವೆ ಮನೆಯಲ್ಲಿ ಜನ ಮಾತಾಡುತ್ತಾರೆ ಎಂಬ ಕಾರಣಕ್ಕೆ ಸಿಟ್ಟು ಮಾಡಿಕೊಂಡು, ಬಡಿಸಿದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದು ಹೋದ ಮನುಷ್ಯ ನಮ್ಮ ಬೆಳಗಾವಿಯಲ್ಲಿ ಒಬ್ಬನೇ. ಅವನ ಹೆಸರು ಗುರುಪುತ್ರಪ್ಪ. ಮನೆ ಅನಗೋಳದಲ್ಲಿ, ಕೆಲಸ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ. ನಾವು ಉಳಿದವರೆಲ್ಲ ಮದುವೆಗೆ ಹೋಗುವುದೇ ಮಾತಾಡಲಿಕ್ಕೆ. ಬೀಗರ ಮೇಲಿನ ಸಿಟ್ಟಿಗೆ ಹೋಳಿಗೆ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇವೆ. ಸಂಗೀತಕ್ಕಾಗಿ ಬಿಟ್ಟವರನ್ನು ಕಂಡಿರಲಿಲ್ಲ.

ಫೌಂಡ್ರಿಯಲ್ಲಿ ಅವನದು ಭಟ್ಟಿಯ ಕೆಲಸ. ಬೀಡು ಕಬ್ಬಿಣ ಕರಗಿಸುವ ಭಟ್ಟಿಗೆ ಗಾಳಿ ಊದುವ ಬ್ಲೋವರ್ ಇರುತ್ತದೆ. ಮುಂಜಾನೆ ಚಾಲೂ ಮಾಡಿದರೆ ಕರಗಿದ ಬೀಡು ಇಳಿಸುವ ತನಕ ಅದು ಒಂದೇ ಸಮನೆ ಭುಂ ಎನ್ನುತ್ತಿರುತ್ತದೆ. ಉಳಿದ ಕೆಲಸಗಾರರಿಗೆ ಅದು ತಲೆನೋವು. ಗುರುಪುತ್ರಪ್ಪನಿಗೆ ಅದೇ ಗಡಿಯಾರ, ಅದೇ ಪಂಚಾಂಗ. ಭಟ್ಟಿಯೊಳಗೆ ಕೋಕು ಇದ್ದಲು ಎಲ್ಲಿ ಕಟ್ಟಿಕೊಂಡಿದೆ, ಬೀಡು ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದನ್ನು ಆ ಭುಂಕಾರ ಕೂದಲೆಳೆಯಷ್ಟು ಬದಲಾದದ್ದರ ಮೇಲೆ ಹೇಳುತ್ತಿದ್ದ. ಅವನು "ಈಗ ಇಳಸ್ರಿ" ಎಂದಾಗ ಇಳಿಸದೆ ಪುಸ್ತಕ ತೆರೆದು ನೋಡಿದ ಎಂಜಿನಿಯರೊಬ್ಬ ಒಂದು ದಿನದ ಎರಕವನ್ನೆಲ್ಲ ಗುಜರಿಗೆ ಹಾಕಿಸಿದ್ದ. ಹೀಗೆ ಒಂದೇ ಶಬ್ದವನ್ನು ಹತ್ತು ಹದಿನೈದು ವರ್ಷ ಕೇಳಿ ಪಳಗಿದ ಕಿವಿಗೆ ಹಾಡು, ಪದ, ಭಜನೆ ಯಾವುದೂ ಹಿಡಿಸುತ್ತಿರಲಿಲ್ಲ. ಎಲ್ಲದರಲ್ಲೂ ಸ್ವರಗಳು ಸಿಕ್ಕಾಪಟ್ಟೆ ಓಡಾಡುತ್ತವೆ, ಒಂದು ಕಡೆ ಕೂಡ್ರುವುದಿಲ್ಲ ಎಂಬುದು ಅವನ ತಕರಾರು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಹೆಂಡತಿ ಶಿವಬಸವ್ವನ ಕಡೆಯ ಮದುವೆಗೆಂದು ಪಾರಿಶ್ವಾಡಕ್ಕೆ ಹೋಗಿದ್ದ. ಅಲ್ಲಿ ಖಾನಾಪುರದ ತಮ್ಮಣ್ಣನ ಸನಾದಿ ಮೇಳ ಬಂದಿತ್ತು. ಮೇಳವೆಂದರೆ ಮೂರೇ ಜನ. ತಮ್ಮಣ್ಣ ಸನಾದಿ ನುಡಿಸುವವನು. ಅವನ ಪಟಕದ ತುರಾಯಿಯೇ ಒಂದು ಮೊಳ. ಒಬ್ಬ ಡಗ್ಗಾ ಬಾರಿಸುವವನು. ಇನ್ನೊಬ್ಬ ಸೂರು ಹಿಡಿಯುವವನು. ಸೂರು ಎಂದರೆ ಸನಾದಿಯಂಥದೇ ಇನ್ನೊಂದು ಊದುವ ಕೊಳವೆ. ಅದರಲ್ಲಿ ರಾಗವಿಲ್ಲ, ಏರಿಳಿತವಿಲ್ಲ. ಒಂದೇ ಒಂದು ಸ್ವರವನ್ನು ಕಡೆತನಕ ಹಿಡಿದಿರುವುದು, ಅದರ ಮೇಲೆ ಸನಾದಿಯವನು ಕುಣಿಯುವುದು. ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಂಡು ಅದನ್ನು ಬಾಯಿಂದ ಬಿಡುತ್ತ, ಅದೇ ಹೊತ್ತಿಗೆ ಮೂಗಿನಿಂದ ಹೊಸ ಗಾಳಿ ಎಳೆದುಕೊಳ್ಳುತ್ತಿರಬೇಕು. ಹಂದರದಲ್ಲಿ ಒಮ್ಮೆ ಎದ್ದ ಸೂರು ಅಕ್ಷತೆ ಬೀಳುವ ತನಕ ಮುರಿಯಬಾರದು, ಮುರಿದರೆ ಮದುಮಕ್ಕಳಿಗೆ ಒಳ್ಳೆಯದಲ್ಲ ಎಂದು ಆ ಕಡೆಯ ನಂಬಿಕೆ. ಹಾಗಾಗಿ ಸನಾದಿಯವನು ಚಹಕ್ಕೆ ಏಳಬಹುದು, ಡಗ್ಗಾದವನು ಬೀಡಿಗೆ ಏಳಬಹುದು, ಸೂರಿನವನು ಮಾತ್ರ ಏಳುವ ಹಾಗಿಲ್ಲ.

ಅಂದು ತಮ್ಮಣ್ಣ ಫಳಾರಕ್ಕೆ ಎದ್ದು ಹೋದ. ಸುಸಲಾ ಮಿರ್ಚಿ ಬಿಸಿ ಇದ್ದವೆಂದು ಕಾಣುತ್ತದೆ, ಅರ್ಧ ತಾಸು ಬರಲಿಲ್ಲ. ಡಗ್ಗಾದವನೂ ಅವನ ಬೆನ್ನು ಹತ್ತಿದ. ಹಂದರದ ಮೂಲೆಯಲ್ಲಿ ಕರೆಪ್ಪ ಎಂಬ ಆ ಸೂರಿನವನೊಬ್ಬನೇ ಉಳಿದ. ಕುರಿ ಕಾಯುವ ಮನೆತನದವನು, ಮೂವತ್ತರ ಆಸುಪಾಸು, ಗಲ್ಲ ಎರಡೂ ಉಬ್ಬಿದಾಗ ಮುಖ ಕುಂಬಳಕಾಯಿಯಂತೆ ಕಾಣುತ್ತಿತ್ತು. ಸುತ್ತ ನಾನೂರು ಜನ ಮಾತಾಡುತ್ತಿದ್ದರು. ಚಪ್ಪಲಿ ಕಳೆದೀತೆಂದು ಅದೇ ಮೂಲೆಯ ಕಂಬಕ್ಕೆ ಒರಗಿ ಕೂತಿದ್ದ ಗುರುಪುತ್ರಪ್ಪನ ಕಿವಿ ಮೆಲ್ಲಗೆ ನಿಮಿರಿತು.

ಒಂದೇ ಸ್ವರ. ಆದರೆ ಅದರೊಳಗೆ ಏನೇನು ನಡೆದಿತ್ತು. ಹೊಸ ಗಾಳಿ ಒಳಗೆ ಹೋದಾಗ ಸ್ವರದ ಬಣ್ಣ ತುಸು ತಿಳಿಯಾಗುತ್ತಿತ್ತು, ಮತ್ತೆ ಗಟ್ಟಿಯಾಗುತ್ತಿತ್ತು. ಬಿಸಿಲೇರಿದಂತೆ ಕೊಳವೆಯ ಬಾಯಿಗಿಟ್ಟ ಎಲೆಯ ಪೀಪಿ ಒಣಗಿ ದನಿ ಬಿಗಿಯಾಗುತ್ತಿತ್ತು, ಕರೆಪ್ಪ ತುಟಿ ಸಡಿಲಿಸಿ ಅದನ್ನು ತಿರುಗಿ ಜಾಗಕ್ಕೆ ತರುತ್ತಿದ್ದ. ಭಟ್ಟಿಯ ಬ್ಲೋವರಿಗೆ ಪ್ರಾಣ ಬಂದು ಪಾರಿಶ್ವಾಡಕ್ಕೆ ಮದುವೆಗೆ ಬಂದಂತೆ ಗುರುಪುತ್ರಪ್ಪನಿಗೆ ಅನಿಸಿತು. ತಮ್ಮಣ್ಣ ಬಾಯಿ ಒರೆಸಿಕೊಳ್ಳುತ್ತ ಬಂದು ಸನಾದಿ ಎತ್ತಿದಾಗ, ಚಲೋ ನಡೆದ ಮಾತಿನ ನಡುವೆ ಯಾರೋ ಬಾಯಿ ಹಾಕಿದರೆ ಬರುವಂಥ ಸಿಟ್ಟು ಬಂದಿತು.

ಸಿಟ್ಟಿಗೆ ಸರಿಯಾದ ಕಾರಣ ಸಿಕ್ಕಿದ್ದು ಸಂಜೆಗೆ. ಮೇಳದವರಿಗೆ ಮರ್ಯಾದೆ ಮಾಡುವಾಗ ತಮ್ಮಣ್ಣನಿಗೆ ಪಟಕ ಸುತ್ತಿದರು. ಡಗ್ಗಾದವನಿಗೆ ಟವೆಲ್ ಹೊದಿಸಿದರು. ಕರೆಪ್ಪನಿಗೆ ಒಂದು ಕಾಯಿ ಹೋಳು ಕೊಟ್ಟರು. ಗುರುಪುತ್ರಪ್ಪ ಹೆಣ್ಣಿನ ತಂದೆಯ ಮುಂದೆ ಹೋಗಿ ನಿಂತ.

"ಏನ್ರಿ ಮಾಮಾರ, ಮುಂಜಾನಿಯಿಂದ ಒಂದ ಸಲಾನೂ ಏಳದ ಊದಿದಾಂವ ಅಂವಾ. ಅಂವಗ ಕಾಯಿ ಹೋಳ ಏನ್ರಿ?"

"ಅಂವಾ ಏನ ಊದ್ಯಾನಪಾ? ಒಂದ ಸ್ವರಾ," ಎಂದರು ಅವರು. "ಕೊಳವ್ಯಾಗ ಗಾಳಿ ಬಿಟ್ರ ಅದs ಬರತೈತಿ."

"ಹಂಗಾರ ನೀವು ಬಿಟ್ಟ ತೋರಸ್ರಿ."

ಬೀಗರ ಮುಂದೆ ಹೆಣ್ಣಿನ ತಂದೆಗೆ ಪೀಪಿ ಊದಲು ಹೇಳಿದ ಅಳಿಯನ ಬಗ್ಗೆ ಶಿವಬಸವ್ವನ ತವರಿನಲ್ಲಿ ಬಹಳ ದಿನ ಮಾತು ನಡೆಯಿತು.

ಅಂದಿನಿಂದ ಗುರುಪುತ್ರಪ್ಪ ತಮ್ಮಣ್ಣನ ಮೇಳ ಹೋದಲ್ಲೆಲ್ಲ ಹೋಗತೊಡಗಿದ. ಆಮಂತ್ರಣ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಖಾನಾಪುರದ ಕಡೆಯ ಮದುವೆಗಳಲ್ಲಿ ಯಾರು ಯಾರ ಪೈಕಿ ಎಂದು ಯಾರು ಕೇಳುತ್ತಾರೆ? ಎಪ್ಪತ್ತೇಳರಲ್ಲಿ ಗೋವಾಕ್ಕೆ ಹೋಗಿ ಬರುವ ಲಾರಿಯ ಡ್ರೈವರನೊಬ್ಬನಿಗೆ ಹೇಳಿ ಒಂದು ಟೇಪ್ ರೆಕಾರ್ಡರ್ ತರಿಸಿಕೊಂಡ. ಅನಗೋಳದ ಓಣಿಗೆ ಅದೇ ಮೊದಲ ಟೇಪ್ ರೆಕಾರ್ಡರ್. ಜನ ಭಾರಿ ಆಸೆಯಿಂದ ಬಂದು ಅವನ ಪಡಸಾಲೆಯಲ್ಲಿ ಕೂತರು. ಗುರುಪುತ್ರಪ್ಪ ಕರೆಪ್ಪನ ಕ್ಯಾಸೆಟ್ ಹಾಕಿದ. ಐದು ನಿಮಿಷ ಎಲ್ಲರೂ ಮರ್ಯಾದೆಯಿಂದ ಕೂತಿದ್ದರು.

"ಹಾಡು ಎಂದ ಚಾಲೂ ಆಗತೈತ್ರಿ?" ಎಂದು ಬಾಜೂ ಮನೆಯ ರೇಣವ್ವ ಶಿವಬಸವ್ವನನ್ನು ಕೇಳಿದಳು.

"ಚಾಲೂ ಆಗೇತಿ ತಂಗಿ. ಮುಗದರೂ ಇದs ಇರತೈತಿ," ಎಂದಳು ಶಿವಬಸವ್ವ. "ನೀ ಹೋಗಿ ಅಕ್ಕಿ ಆರಿಸಿಕೊಂಡ ಬಾ, ಏನೂ ತಪ್ಪೂದಿಲ್ಲ."

ಜನ ಎದ್ದು ಹೋದರು. ಗುರುಪುತ್ರಪ್ಪ ಅವರ ಬೆನ್ನಿಗೆ, "ಕಿವಿ ಇಲ್ಲ ನಿಮಗ, ಬರೇ ತೂತ ಅದಾವು," ಎಂದ. ಅವರು ಕೇಳಿಸಿಕೊಂಡರು. ಅಲ್ಲಿಗೆ ಆ ಮಾತೂ ಸುಳ್ಳಾಯಿತು.

ರೆಕಾರ್ಡು ಮಾಡುವುದು ಸುಲಭವಿರಲಿಲ್ಲ. ತಮ್ಮಣ್ಣ ಎದ್ದು ಹೋದ ಗಳಿಗೆಯೇ ಬೇಕು. ಯಂತ್ರವನ್ನು ಕರೆಪ್ಪನ ತೊಡೆಯ ಬಳಿ ಇಟ್ಟು ಕೆಂಪು ಗುಂಡಿ ಒತ್ತಿದ ತಕ್ಷಣ ಯಾರೋ ಬಂದು ಅದರೊಳಗೆ ಕೆಮ್ಮುತ್ತಿದ್ದರು, ಇಲ್ಲವೇ "ಇದೇನ್ರಿ ಇದು, ರೇಡಿಯೋ ಏನ್ರಿ?" ಎನ್ನುತ್ತಿದ್ದರು. ನಂದಗಡದ ಮದುವೆಯಲ್ಲಿ ಸಿಕ್ಕ ಅರ್ಧ ತಾಸು ಅವನ ಪಾಲಿಗೆ ಬಂಗಾರ. ಆ ದಿನ ಸೂರಿನೊಳಗೆ ಒಂದು ನಡುಕವಿತ್ತು, ದೀಪದ ಕುಡಿ ಅಲುಗಿದಂಥದು. ಆ ಬಂಗಾರದಲ್ಲೂ ಒಂದು ಕಲ್ಲು ಸೇರಿಕೊಂಡಿತ್ತು. ಹದಿನೆಂಟನೆಯ ನಿಮಿಷಕ್ಕೆ ಯಾವಳೋ ಒಬ್ಬಳು ಅಡುಗೆ ಮನೆಯ ಕಡೆಗೆ ಬಾಯಿ ಮಾಡಿ, "ಸಿದ್ದಕ್ಕಾ, ತುಪ್ಪದ ಗಡಗಿ ಎಲ್ಲಿಟ್ಟಿ?" ಎಂದು ಕೂಗಿದ್ದಳು. ಆ ಸಿದ್ದಕ್ಕ ಯಾರೋ, ತುಪ್ಪ ಎಲ್ಲಿಟ್ಟಳೋ ಗುರುಪುತ್ರಪ್ಪನಿಗೆ ಗೊತ್ತಿಲ್ಲ. ಆದರೆ ಇಬ್ಬರನ್ನೂ ಅವನು ಏಳು ವರ್ಷ ಬೈದ.

ಒಮ್ಮೆ ಯಂತ್ರದ ಪಟ್ಟಿ ಹರಿದು ಖಡೇ ಬಜಾರದ ರಿಪೇರಿಯವನಿಗೆ ಒಯ್ದು ಕೊಟ್ಟ. ಒಳಗೆ ನಂದಗಡದ ಕ್ಯಾಸೆಟ್ ಇತ್ತು. ರಿಪೇರಿಯವನು ಎರಡು ದಿನ ಒದ್ದಾಡಿದ.

"ಪಟ್ಟಿ ಹಾಕೇನ್ರಿ," ಎಂದ ಅವನು, ಸೋತ ದನಿಯಲ್ಲಿ. "ಆದ್ರ ಒಳಗ ಒಂದ ಹಮ್ಮಿಂಗ್ ಐತಿ, ಅದು ಹೋಗವಲ್ದು. ವೈರ್ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ. ಅರ್ಥಿಂಗ್ ಕೊಟ್ಟ ನೋಡಿದೆ. ಜರಾನೂ ಕಮ್ಮಿ ಆಗಲಿಲ್ರಿ."

"ಅದು ಹಮ್ಮಿಂಗ್ ಅಲ್ಲೋ. ಅದು ಕರೆಪ್ಪ."

ರಿಪೇರಿಯವನು ಆ ಹೆಸರಿನ ಬಿಡಿಭಾಗ ಯಾವುದೆಂದು ಯೋಚಿಸುವವನಂತೆ ಯಂತ್ರದ ಕಡೆ ನೋಡಿದ.

ಎಂಬತ್ಮೂರರ ಹೊತ್ತಿಗೆ ಹನ್ನೊಂದು ಕ್ಯಾಸೆಟ್ ಆಗಿದ್ದವು. ಟ್ರಂಕಿನಲ್ಲಿ ಶಿವಬಸವ್ವನ ಇಳಕಲ್ ಸೀರೆಗಳನ್ನು ಒಂದು ಬದಿಗೆ ತಳ್ಳಿ ಅವನ್ನಿಟ್ಟಿದ್ದ. ಒಂದೊಂದರ ಮೇಲೂ ಊರು, ಹೊತ್ತು, ಹವಾ ಬರೆದಿದ್ದ: "ಬೀಡಿ, ಮುಂಜಾನೆ, ಮಂಜು", "ಪಾರಿಶ್ವಾಡ, ಮಧ್ಯಾಹ್ನ, ಬಿಸಿಗಾಳಿ". ಕೇಳುವವರು ಮಾತ್ರ ಅವನೊಬ್ಬನೇ. ಕರೆಪ್ಪನಿಗೂ ಅವನ್ನು ಕೇಳಿಸಿರಲಿಲ್ಲ. ಮೇಳ ಬಿಚ್ಚಿದ ಕೂಡಲೇ ಅವನು ಕುರಿ ಹಟ್ಟಿಗೆ ಓಡುತ್ತಿದ್ದ. ಇಂಥ ಮನುಷ್ಯನಿಗೆ ಇಂದಿಗೂ ಕಾಯಿ ಹೋಳೇ ಸಿಗುತ್ತಿದೆಯಲ್ಲ ಎಂಬ ಸಿಟ್ಟು ಗುರುಪುತ್ರಪ್ಪನಿಗೆ ಇನ್ನೂ ಹೋಗಿರಲಿಲ್ಲ. ಜನಕ್ಕೆ ಬುದ್ಧಿಯಿಲ್ಲ, ಸರಿ. ಕೂಡ ಕೂತು ನುಡಿಸುವ ತಮ್ಮಣ್ಣನಿಗಾದರೂ ಬೇಡವೇ? ದೀಪಾವಳಿ ಮುಗಿದ ಮೇಲೆ ಒಂದು ಐತವಾರ ಅವನು ಯಂತ್ರ ಮತ್ತು ನಂದಗಡದ ಕ್ಯಾಸೆಟ್ ಹಿಡಿದುಕೊಂಡು ಖಾನಾಪುರಕ್ಕೆ ತಮ್ಮಣ್ಣನ ಮನೆಗೇ ಹೋದ.

"ನೀವು ಇಪ್ಪತ್ತ ವರ್ಷ ಬಾಜೂಕ ಕುಂತು ಏನ ಕೇಳಿಲ್ಲೋ ಅದನ್ನ ಇವತ್ತ ಕೇಳ್ರಿ," ಎಂದು ಕ್ಯಾಸೆಟ್ ಹಚ್ಚಿದ.

ತಮ್ಮಣ್ಣ ಕಣ್ಣು ಮುಚ್ಚಿದ. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಸಿದ್ದಕ್ಕನ ತುಪ್ಪದ ಗಡಿಗೆ ದಾಟಿತು. ಕ್ಯಾಸೆಟ್ಟಿನ ಮಗ್ಗುಲು ಮುಗಿಯುವ ತನಕ ತಮ್ಮಣ್ಣ ಅಲುಗಲಿಲ್ಲ. ಒಂದು ಸಲ ಬೆರಳುಗಳು ಮಾತ್ರ ತೊಡೆಯ ಮೇಲೆ ಸನಾದಿ ಹಿಡಿದಂತೆ ಆಡಿದವು. ಗುರುಪುತ್ರಪ್ಪನ ಕಣ್ಣಲ್ಲಿ ನೀರು ಬಂತು. ಒಂದು ಮಗ್ಗುಲು ಪೂರ್ತಿ ಕೇಳಿದ ಎರಡನೆಯ ಮನುಷ್ಯ ಈ ಭೂಮಿಯ ಮೇಲೆ ಸಿಕ್ಕಿದ್ದ.

"ಏನ ಸಾಫ್ ಬಂದೈತ್ರಿ ಅಣ್ಣಾರ," ಎಂದ ತಮ್ಮಣ್ಣ ಕಣ್ಣು ತೆರೆದು. "ಎಲ್ಲೂ ಕಡದಿಲ್ಲ."

"ಅಂವಾ ಕಡಿಯೂ ಮನಶ್ಯಾ ಅಲ್ಲ. ಅದಕ್ಕs ಹೇಳಾಕ ಬಂದೇನಿ. ಇನ್ನ ಮುಂದ ಮರ್ಯಾದಿ ಮಾಡೂ ಮುಂದ ಕರೆಪ್ಪಗೂ ಪಟಕಾ ಸುತ್ತಬೇಕು ಅಂತ ನೀವs ಹೇಳಬೇಕು."

"ಹೇಳೂಣ್ರಿ, ಹೇಳೂಣು. ಈ ಕ್ಯಾಸೆಟ್ ನನ್ನ ಕಡೆ ಇರಲಿ? ದಿನಾ ಹಚ್ಚತೇನಿ."

ದಿನಾ ಹಚ್ಚುತ್ತಾನಂತೆ. ಗುರುಪುತ್ರಪ್ಪ ಮನೆಗೆ ಬರುವಾಗ ಬಸ್ಸಿನಲ್ಲಿ ಪಕ್ಕದವನಿಗೆ ಸುಮ್ಮಸುಮ್ಮನೆ ಶೇಂಗಾ ಕೊಟ್ಟ. ಆ ಬಂಗಾರದಂಥ ಕ್ಯಾಸೆಟ್ಟನ್ನು ತಮ್ಮಣ್ಣನ ಕೈಯಲ್ಲಿಟ್ಟು ಬಂದದ್ದು ತನ್ನ ಜೀವಮಾನದ ದೊಡ್ಡ ಪುಣ್ಯದ ಕೆಲಸವೆಂದು ಅವನಿಗೆ ಆರು ತಿಂಗಳು ಅನಿಸುತ್ತಿತ್ತು. ನಮ್ಮಂಥವರ ಪುಣ್ಯದ ಕೆಲಸಗಳಿಗೆ ಸಾಮಾನ್ಯವಾಗಿ ಆರು ತಿಂಗಳೇ ಆಯುಷ್ಯ.

ಎಂಬತ್ನಾಲ್ಕರ ಮೇ ತಿಂಗಳಲ್ಲಿ ಫೌಂಡ್ರಿಯ ಜೊತೆಗಾರನೊಬ್ಬನ ಮಗಳ ಮದುವೆ ಮಹಾಂತೇಶ ನಗರದಲ್ಲಿತ್ತು. ಆಗಿನ್ನೂ ಅಲ್ಲಿ ಮನೆಗಳಿಗಿಂತ ಪಾಯದ ಕಲ್ಲುಗಳೇ ಹೆಚ್ಚು. ಗುರುಪುತ್ರಪ್ಪ ರಸ್ತೆಯ ತಿರುವಿನಲ್ಲಿರುವಾಗಲೇ ಸೂರು ಕೇಳಿಸಿತು. ಕರೆಪ್ಪನೇ. ಸಂದೇಹವಿಲ್ಲ. ಇಷ್ಟು ದಿನ ಖಾನಾಪುರದ ಹಳ್ಳಿಗಳಲ್ಲೇ ತಿರುಗುತ್ತಿದ್ದ ಮನುಷ್ಯ ಬೆಳಗಾವಿಗೆ ಬಂದನಲ್ಲ ಎಂದು ಹೆಜ್ಜೆ ಜೋರು ಮಾಡಿದ. ಹಂದರದೊಳಗೆ ಹೋದರೆ ತಮ್ಮಣ್ಣ ಇದ್ದಾನೆ, ಡಗ್ಗಾದವನಿದ್ದಾನೆ, ಕರೆಪ್ಪ ಕೂಡ್ರುವ ಜಾಗದಲ್ಲಿ ಒಂದು ಟವೆಲ್ ಹೊದಿಸಿದ ಗಂಟು ಇದೆ. ಸೂರು ಟವೆಲ್ಲಿನೊಳಗಿಂದ ಬರುತ್ತಿದೆ. ಒಳಗೊಂದು ನಡುಕವಿದೆ, ದೀಪದ ಕುಡಿ ಅಲುಗಿದಂಥದು.

ಗುರುಪುತ್ರಪ್ಪ ನಿಂತಲ್ಲೇ ನಿಂತ. ತಮ್ಮಣ್ಣ ಗಳಿಗೆ ಹೊತ್ತು ಸನಾದಿ ಇಳಿಸಿದ್ದೇ ತಡ, ಟವೆಲ್ಲಿನೊಳಗಿಂದ ಸ್ಪಷ್ಟವಾಗಿ ಕೇಳಿಸಿತು: "ಸಿದ್ದಕ್ಕಾ, ತುಪ್ಪದ ಗಡಗಿ ಎಲ್ಲಿಟ್ಟಿ?"

"ಇಲ್ಲೇ ಕ್ವಾಣ್ಯಾಗ ಐತೇಳ ಯವ್ವಾ, ಬಂದ ತಗೋ," ಎಂದು ಅಡುಗೆ ಮನೆಯಿಂದ ಯಾರೋ ಉತ್ತರಿಸಿದರು.

ಕ್ಯಾಸೆಟ್ಟಿನ ಮಗ್ಗುಲು ಮುಗಿಯುವ ಹೊತ್ತಿಗೆ ಡಗ್ಗಾದವನು ಒಂದು ಕೈಯಿಂದ ಗಡಗಡ ಬಾರಿಸಿ, ಇನ್ನೊಂದು ಕೈಯಿಂದ ಟವೆಲ್ಲಿನೊಳಗೆ ಏನೋ ಮಾಡಿದ. ಎರಡು ಉಸಿರಿನಷ್ಟು ಸೂರು ಇರಲಿಲ್ಲ. ಆ ನಂಬಿಕೆಯ ಜನರಲ್ಲಿ ಒಬ್ಬರೂ ಅದನ್ನು ಗಮನಿಸಲಿಲ್ಲ. ಅಕ್ಷತೆ ಬಿದ್ದ ಮೇಲೆ ಗುರುಪುತ್ರಪ್ಪ ತಮ್ಮಣ್ಣನನ್ನು ಹಂದರದ ಹಿಂದೆ ಹಿಡಿದ.

"ಕರೆಪ್ಪ ಎಲ್ಲಿ?"

"ಅಂವಗ ಏನ ಆಗೇತ್ರಿ, ಆರಾಮ ಅದಾನು. ಹೆಂಚಿನ ಕಾರಖಾನ್ಯಾಗ ಕೆಲಸಕ್ಕ ಹತ್ತ್ಯಾನು. ಈ ಸಲ ಮದುವಿ ಕಡಿಮಿ ಅಂತ ಹೇಳೇನಿ."

"ಅಂವನ ಸೂರು ಹಚ್ಚಿ ಅಂವನ್ನs ಬಿಡಸೀರಿ?"

"ಬಿಡಸಿದ್ದ ಎಲ್ಲೈತ್ರಿ?" ತಮ್ಮಣ್ಣನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಅಂವs ಅದಾನಲ್ರಿ ಇದರಾಗ. ಬ್ಯಾರೇದಂವನ್ನ ಕರಕೊಂಡ ಬಂದೇನೇನು? ಇದಕ್ಕ ತಂಬಾಕ ಬ್ಯಾಡ, ಬಸ್ಸಿನ್ಯಾಗ ಸೀಟ ಬ್ಯಾಡ. ನೀವs ತಂದ ಕೊಟ್ಟ್ರಿ, ಕೇಳ್ರಿ ಅಂದ್ರಿ. ಬೈಲಹೊಂಗಲ ಮೇಳದವರೂ ಒಂದ ಕಾಪಿ ಒಯ್ದಾರು, ಭಾಳ ಚಲೋ ಐತಿ ಅಂದಾರು."

ಕಣ್ಣು ಮುಚ್ಚಿ ಕೇಳಿದ್ದು ಇದಕ್ಕೆ. ಕಡಿದಿದೆಯೋ ಇಲ್ಲವೋ ನೋಡಲಿಕ್ಕೆ. ಗುರುಪುತ್ರಪ್ಪ ಬಯ್ಯಲು ಬಾಯಿ ತೆರೆದ, ಆದರೆ ಯಾರನ್ನು ಬಯ್ಯಬೇಕೆಂದು ಹುಡುಕುತ್ತ ಹೋದರೆ ಕೊನೆಗೆ ಸಿಕ್ಕವನು ಅನಗೋಳದವನೇ ಆಗಿದ್ದ. ಹತ್ತು ವರ್ಷದಿಂದ ಊರಿಗೆಲ್ಲ ಕಿವಿಯಿಲ್ಲವೆಂದು ಬೈಯುತ್ತ ಬಂದವನು ತಾನೇ ಕರೆಪ್ಪನ ಅನ್ನವನ್ನು ಕ್ಯಾಸೆಟ್ಟಿನಲ್ಲಿ ತುಂಬಿ ತಂದು ಕೊಟ್ಟಿದ್ದ. ಹೋಳಿಗೆಯನ್ನು ಬಿಟ್ಟು ಎದ್ದು ಹೋದದ್ದು ಅಂದೇ. ಜನ ಮಾತಾಡುತ್ತಾರೆಂದು ಸಿಟ್ಟಾಗಿ ಹೋದ ಎಂದು ಊರೆಲ್ಲ ಹೇಳಿತು, ಅವನು ತಿದ್ದಲಿಲ್ಲ.

ಮರುದಿನ ರಜೆ ಹಾಕಿ ಉಳಿದ ಹತ್ತು ಕ್ಯಾಸೆಟ್ಟುಗಳನ್ನು, ಯಂತ್ರವನ್ನು ಚೀಲಕ್ಕೆ ತುಂಬಿದ. ತಮ್ಮಣ್ಣನಿಂದ ತಿರುಗಿ ತಂದ ನಂದಗಡದ್ದೂ ಕೂಡ ಇತ್ತು. ಅವನು ತಕರಾರಿಲ್ಲದೆ ಕೊಟ್ಟಿದ್ದ, ಅವನ ಕಡೆ ಇನ್ನೊಂದು ಕಾಪಿಯಿತ್ತು. ಖಾನಾಪುರದ ಹೆಂಚಿನ ಕಾರಖಾನೆಯಲ್ಲಿ ಕರೆಪ್ಪ ಹಸಿ ಹೆಂಚುಗಳನ್ನು ತಲೆಯ ಮೇಲೆ ಹೊತ್ತು ನೆರಳಿಗೆ ಜೋಡಿಸುತ್ತಿದ್ದ. ಮಧ್ಯಾಹ್ನದ ಬುತ್ತಿಯ ಹೊತ್ತು. ಹೆಂಡತಿ ಸಾತವ್ವ ರೊಟ್ಟಿ ತಂದಿದ್ದಳು. ಗುರುಪುತ್ರಪ್ಪ ಮಣ್ಣಿನ ಗುಡ್ಡೆಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದ. ಕರೆಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಮದುವಿ ಕಡಿಮಿ ಅಂದಾನ್ರಿ ಅಂವಾ," ಎಂದಷ್ಟೇ ಅಂದ. "ಯಾವದ ಕೊಟ್ಟೀರಿ? ಹಚ್ಚರಿ, ಕೇಳೂಣು."

ಗುರುಪುತ್ರಪ್ಪ ನಂದಗಡದ್ದನ್ನು ಹಚ್ಚಿದ. ಕರೆಪ್ಪ ತನ್ನ ಸೂರನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಅವನ ಕೈ ರೊಟ್ಟಿಯ ಮೇಲೆ ನಿಂತಿತು. ಮುಖ ಕೆಂಪಗಾಯಿತು.

"ಇದನ್ನ ಕೊಟ್ಟೀರಿ?"

"ಎಲ್ಲಾದ್ರಾಗ ಇದs ಚಲೋ ಐತಿ, ಕರೆಪ್ಪಾ. ಆ ನಡುಕ ಕೇಳು. ದೀಪದ ಕುಡಿ ಆಡಿದಂಗ..."

"ಯಾ ದೀಪಾರಿ? ಅವತ್ತ ನನ್ನ ದವಡಿ ಹಲ್ಲು ನೋಯಾಕತ್ತಿತ್ತು. ಈಕೀನ್ನ ಕೇಳ್ರಿ."

"ಮರುದಿವಸ ಕೀಳಿಸಿದ್ದಿವ್ರಿ," ಎಂದಳು ಸಾತವ್ವ.

"ಗಾಳಿ ಹಿಡಿಯಾಕ ಆಗವಲ್ದಾಗಿತ್ತು, ಹಿಂಗ ಥರಥರ ಅಂತಿತ್ತು. ಇದನ್ನ ಊರೂರ ಹಂದರದಾಗ ಹಚ್ಚಾಕತ್ತಾರ? ಬೈಲಹೊಂಗಲದಾಗೂ?" ಕರೆಪ್ಪ ರೊಟ್ಟಿಯನ್ನು ಬುತ್ತಿಗೆ ಹಾಕಿ ಎದ್ದುನಿಂತ. "ಕೆಲಸಾ ಹೋಗಲಿ ಬಿಡ್ರಿ, ಹೆಂಚ ಹೊತ್ತೇನು. ಆದ್ರ ನನ್ನ ಹಲ್ಲನೋವು ಕೇಳಿಕೋತ ಮಂದಿ ಲಗ್ನಾ ಮಾಡಿಕೊಳ್ಳೂದಂದ್ರ ಏನ್ರಿ ಇದು?"

ಗುರುಪುತ್ರಪ್ಪ ಸೋಲಲು ಸಿದ್ಧನಿರಲಿಲ್ಲ. ಒಂದೊಂದೇ ಕ್ಯಾಸೆಟ್ ಹಚ್ಚುತ್ತ ಹೋದ. ಮಂಜಿನ ಮುಂಜಾನೆಯ ಬೀಡಿ ಊರಿನ ಕ್ಯಾಸೆಟ್ಟಿನಲ್ಲಿ ದನಿ ಮೆತ್ತಗೆ ಹರಡಿದ್ದಕ್ಕೆ ಕಾರಣ ಮಂಜಲ್ಲ, ಕರೆಪ್ಪನಿಗೆ ನಿದ್ದೆ ಬಂದಿತ್ತು. ಇನ್ನೊಂದರಲ್ಲಿ ಸ್ವರ ಹದಕ್ಕೆ ಬಂದ ಬೀಡಿನಂತೆ ತುಂಬಿ ಬಂದದ್ದಕ್ಕೆ ಕಾರಣ ತಮ್ಮಣ್ಣನ ಮೇಲಿನ ಸಿಟ್ಟು. ಪಾರಿಶ್ವಾಡದ ಒಂದನ್ನು ಗುರುಪುತ್ರಪ್ಪ ಎಂದೂ ಎರಡನೆಯ ಸಲ ಕೇಳಿರಲಿಲ್ಲ, ಏನೂ ಆಗುವುದಿಲ್ಲ ಅದರಲ್ಲಿ ಎಂದು. ಅದು ಶುರುವಾದಾಗ ಕರೆಪ್ಪ ತಲೆ ಆಡಿಸಿದ.

"ಇದು ಸೂರು ಅಂದ್ರ," ಎಂದ. "ಊದೂ ಮನಶ್ಯಾ ಅದಾನಂತ ಗೊತ್ತs ಆಗಬಾರದು."

ಹತ್ತು ವರ್ಷ ಹುಡುಕಿದ ಬಂಗಾರವೆಲ್ಲ ಕರೆಪ್ಪನ ತಪ್ಪುಗಳಾಗಿದ್ದವು. ಭಟ್ಟಿಯಲ್ಲಿ ಕೆಲಸ ಮಾಡುವವನ ಕಿವಿ ಏನು ಕೆಟ್ಟಿದೆ ಎಂಬುದನ್ನೇ ಹುಡುಕುತ್ತದೆ, ಕೆಡದೆ ಇದ್ದದ್ದು ಅದಕ್ಕೆ ಕೇಳಿಸುವುದೇ ಇಲ್ಲ. ಇದು ಗುರುಪುತ್ರಪ್ಪನಿಗೆ ಹೊಳೆಯಿತೋ ಇಲ್ಲವೋ, ಕಿವಿಯ ತುದಿ ಮಾತ್ರ ಕೆಂಪಗಾಯಿತು.

"ನಾಡಿದ್ದ, ಇಲ್ಲೇ ಬಸ್ ಸ್ಟ್ಯಾಂಡಿನ ಬಾಜೂಕ, ತಮ್ಮಣ್ಣನ ಮೇಳದ್ದು ಒಂದ ಮದುವಿ ಐತಿ," ಎಂದ ಅವನು ಕೊನೆಗೆ. "ನೀ ನಿನ್ನ ಸೂರು ತಗೊಂಡ ಬಾ. ಬಂದು ನಿನ್ನ ಜಾಗಾದಾಗ ಕುಂದರು. ನಾ ಜೋಡಿ ಇರತೇನಿ."

"ಕರೀದ ಹೋಗಿ ಹ್ಯಾಂಗ ಕುಂದರೂದ್ರಿ?"

"ನಾ ಹತ್ತ ವರ್ಷ ಕರೀದs ಹೋಗೇನಿ. ಯಾರೂ ಏನೂ ಅಂದಿಲ್ಲ."

ಮದುವೆಯ ದಿನ ಹೊತ್ತೇರುವ ಮುಂಚೆ ಖಾನಾಪುರದಲ್ಲಿ ಕರೆಂಟು ಹೋಯಿತು. ತಮ್ಮಣ್ಣನ ಯಂತ್ರ ಸೆಲ್ಲಿನ ಮೇಲೆ ನಡೆದಿತ್ತು. ಗುರುಪುತ್ರಪ್ಪ ಒಳಗೆ ಬಂದಾಗಲೇ ಅವನಿಗೆ ಗೊತ್ತಾಯಿತು: ಸೆಲ್ಲು ಇಳಿಯುತ್ತಿದೆ, ಟೇಪು ನಿಧಾನವಾಗುತ್ತಿದೆ, ಸೂರು ಎಳ್ಳಷ್ಟೆಳ್ಳಷ್ಟೇ ಕೆಳಗೆ ಜಾರುತ್ತಿದೆ. ಸನಾದಿಯ ಸ್ವರ ಹಾಗೆ ಜಾರಲಾರದು. ತಮ್ಮಣ್ಣನ ಹಣೆಯ ಮೇಲೆ ಬೆವರಿತ್ತು. ಏನೋ ತಪ್ಪುತ್ತಿದೆ ಎಂದು ಅವನಿಗೆ ತಿಳಿಯುತ್ತಿತ್ತು, ತನ್ನ ತಪ್ಪೋ ಯಂತ್ರದ್ದೋ ತಿಳಿಯುತ್ತಿರಲಿಲ್ಲ.

ಕರೆಪ್ಪ ಒಗೆದ ಅಂಗಿ ಹಾಕಿಕೊಂಡು ಬಂದು, ಟವೆಲ್ಲಿನ ಗಂಟನ್ನು ಕೂಸನ್ನು ಸರಿಸುವಂತೆ ಕೈಯಿಂದ ಮೆಲ್ಲಗೆ ಸರಿಸಿ, ತನ್ನ ಜಾಗದಲ್ಲಿ ಕೂತ. ತಮ್ಮಣ್ಣ ಕಣ್ಣು ದೊಡ್ಡದು ಮಾಡಿದ. ಆದರೆ ಬಾಯಿಯಲ್ಲಿ ಪೀಪಿ ಇರುವವನು ಏನೆಂದು ಬಯ್ಯುತ್ತಾನೆ? ಕರೆಪ್ಪ ಗಲ್ಲ ಉಬ್ಬಿಸಿ ಸೂರು ಎತ್ತಿದ.

ಆಗ ಹಂದರದಲ್ಲಿ ಇಬ್ಬರು ಕರೆಪ್ಪಂದಿರಾದರು. ಒಬ್ಬ ಹಲ್ಲುನೋವಿನವನು, ತುಸು ಕೆಳಗೆ. ಒಬ್ಬ ಆರಾಮಿದ್ದವನು, ಜಾಗದಲ್ಲಿ. ಎರಡೂ ಸ್ವರ ಒಂದಕ್ಕೊಂದು ಒರಸಿ ನಡುವೆ ಮೂರನೆಯದೊಂದು ಅಲೆ ಎದ್ದಿತು, ವ್ಹಂವ್ಹಂ ಎಂದು, ದೊಡ್ಡ ಹಕ್ಕಿಯೊಂದು ನಿಂತಲ್ಲೇ ರೆಕ್ಕೆ ಬಡಿದಂತೆ. ಇಂಥದನ್ನು ಗುರುಪುತ್ರಪ್ಪ ಭಟ್ಟಿಯಲ್ಲೂ ಕೇಳಿರಲಿಲ್ಲ, ಮದುವೆಯಲ್ಲೂ ಕೇಳಿರಲಿಲ್ಲ. ಅವನ ಮೈಮೇಲೆ ಮುಳ್ಳೆದ್ದವು. ಅವನ ಕೈ, ಅವನನ್ನು ಕೇಳದೆಯೇ, ಚೀಲದೊಳಗಿದ್ದ ತನ್ನ ಯಂತ್ರದ ಕೆಂಪು ಗುಂಡಿಯನ್ನು ಒತ್ತಿತು.

ಖಟ್ ಎಂದ ಸಪ್ಪಳಕ್ಕೆ ಕರೆಪ್ಪ ಈ ಕಡೆ ನೋಡಿದ. ನೋಡಿ, ಸೂರನ್ನು ಬಾಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಮದುಮಕ್ಕಳು ಜಗಲಿಗೆ ಬಂದಿದ್ದರು. ಹಂದರದಲ್ಲಿ ಜಾರುತ್ತಿರುವ ಕ್ಯಾಸೆಟ್ ಒಂದೇ ಉಳಿಯಿತು, ಅದರ ಮೇಲೆ ತಮ್ಮಣ್ಣನ ಸನಾದಿ ಒಡೆದ ಗಡಿಗೆಯಂತೆ ಕೇಳಿಸಿತು. ಈ ಸಲ ಜನಕ್ಕೂ ಕೇಳಿಸಿತು; ಮುದುಕಿಯೊಬ್ಬಳು "ಸೂರು ಕೆಡಾಕತ್ತೇತಲ್ಲs" ಎಂದಳು. ತಮ್ಮಣ್ಣ ಊದುತ್ತಲೇ ಹುಬ್ಬು ಎತ್ತಿ ಕರೆಪ್ಪನಿಗೆ ಊದು ಎಂದ. ಕರೆಪ್ಪ ಗದ್ದದಿಂದ ಮೊದಲು ಟವೆಲ್ಲಿನ ಗಂಟು ತೋರಿಸಿದ, ಆಮೇಲೆ ಗುರುಪುತ್ರಪ್ಪನ ಚೀಲ ತೋರಿಸಿದ, ಆಮೇಲೆ ಹೊರಗಿನ ಬಾಗಿಲು ತೋರಿಸಿದ.

"ಕರೆಪ್ಪಾ, ಇದೊಂದ ಸಲ," ಎಂದ ಗುರುಪುತ್ರಪ್ಪ ಪಿಸುದನಿಯಲ್ಲಿ. "ಇಂಥಾದ್ದು ಮತ್ತ ಸಿಗೂದಿಲ್ಲೋ. ನಾ ಯಾರಿಗೂ ಕೊಡೂದಿಲ್ಲ, ಆಣಿ ಮಾಡತೇನಿ."

"ನೀವು ಕೊಡೂದಿಲ್ಲರಿ, ನನಗ ಗೊತ್ತೈತಿ," ಎಂದ ಕರೆಪ್ಪ ಸಮಾಧಾನದಿಂದ. "ಅದು ತಾನs ಹೋಗತೈತಿ. ಎರಡೂ ಹೊರಗ ಒಯ್ರಿ. ಅಂದ್ರ ಊದತೇನಿ."

ಗುರುಪುತ್ರಪ್ಪ ಒಂದು ಉಸಿರಿನಷ್ಟು ಹೊತ್ತು ಅಲ್ಲೇ ನಿಂತಿದ್ದ. ಚೀಲದೊಳಗೆ ಟೇಪು ತಿರುಗುತ್ತಲೇ ಇತ್ತು. ಆಮೇಲೆ ಅವನು ಚೀಲದೊಳಗೆ ಕೈ ಹಾಕಿ ಗುಂಡಿ ಬಿಡಿಸಿದ. ತಮ್ಮಣ್ಣ ಕಾಲಿನ ಹೆಬ್ಬೆರಳಿನಿಂದ ತನ್ನ ಯಂತ್ರವನ್ನು ಬಂದ್ ಮಾಡಿ, ಅದನ್ನು ಟವೆಲ್ ಸಮೇತ ಗುರುಪುತ್ರಪ್ಪನ ಕಡೆಗೆ ದೂಡಿದ. ಸೂರು ಪೂರಾ ನಿಂತಿತು. ಹಂದರ ಉಸಿರು ಹಿಡಿದ ಹಾಗಾಯಿತು. ಬಗಲಿಗೊಂದು ಯಂತ್ರ ಇಟ್ಟುಕೊಂಡು, ಅಕ್ಷತೆ ಹಿಡಿದು ನಿಂತ ಜನರ ನಡುವೆ ದಾರಿ ಮಾಡಿಕೊಂಡು ಗುರುಪುತ್ರಪ್ಪ ಹೊರಗೆ ನಡೆದ. ಬಾಗಿಲು ದಾಟುವಾಗ ಬೆನ್ನ ಹಿಂದೆ ಕರೆಪ್ಪನ ಸೂರು ಎದ್ದಿತು, ಅದರ ಮೇಲೆ ತಮ್ಮಣ್ಣನ ಸನಾದಿ, ದಾರಿ ಸಿಕ್ಕ ಎತ್ತಿನಂತೆ.

ಎದುರಿಗೇ ಬಸ್ ಸ್ಟ್ಯಾಂಡು. ಕಲ್ಲಿನ ಕಟ್ಟೆಯ ಮೇಲೆ ಎರಡು ಯಂತ್ರಗಳನ್ನೂ ತೊಡೆಯ ಮೇಲಿಟ್ಟುಕೊಂಡು ಗುರುಪುತ್ರಪ್ಪ ಕೂತ. ಕರೆಪ್ಪನ ಮೇಲೂ ಅವನಿಗೆ ಸಿಟ್ಟು ಬಂದಿತ್ತು. ಹತ್ತು ವರ್ಷ ಹಿಂದೆ ಹಿಂದೆ ತಿರುಗಿದವನನ್ನು ಹಂದರದಿಂದ ಹೊರಗೆ ಹಾಕುವುದೆಂದರೇನು? ಸ್ವಲ್ಪ ಹೊತ್ತಿಗೆ ಅಕ್ಷತೆಯ ಗದ್ದಲ ಕೇಳಿಸಿತು, ಅದೂ ಮುಗಿಯಿತು. ಸೂರು ನಿಲ್ಲಲಿಲ್ಲ. ಅಕ್ಷತೆ ಆದ ಮೇಲೂ ತಮ್ಮಣ್ಣ ಕರೆಪ್ಪನನ್ನು ಏಳಗೊಟ್ಟಿರಲಿಲ್ಲ. ಹಂದರದ ಮಾತು, ಕೆಮ್ಮು, ಸಿದ್ದಕ್ಕಂದಿರು, ಗಡಿಗೆಗಳು ಯಾವುದೂ ರಸ್ತೆ ದಾಟಿ ಬರುತ್ತಿರಲಿಲ್ಲ. ಸನಾದಿ ಕೂಡ ಗಾಳಿ ತಿರುಗಿದಾಗ ತುಣುಕು ತುಣುಕಾಗಿ ಬರುತ್ತಿತ್ತು. ಆ ಒಂದು ಸ್ವರ ಮಾತ್ರ, ಊದುವ ಮನುಷ್ಯ ಇದ್ದಾನೆಂದೇ ಗೊತ್ತಾಗದ ಹಾಗೆ, ಪೂರಾ ಬರುತ್ತಿತ್ತು. ಅವನು ಕಣ್ಣು ಮುಚ್ಚಿದ.

ಆಗ ಬೆಳಗಾವಿಯ ಬಸ್ಸೊಂದು ಬಂದು ಕಟ್ಟೆಯ ಮುಂದೆ ನಿಂತಿತು. ಡ್ರೈವರ್ ಇಂಜಿನ್ ಬಂದ್ ಮಾಡದೆ ಚಹದ ಅಂಗಡಿಯ ಕಡೆ ಹೊರಟ, ಇಂಜಿನ್ನಿನ ಗದ್ದಲದಲ್ಲಿ ಸೂರು ಮುಳುಗಿತು. ಗುರುಪುತ್ರಪ್ಪ ಎರಡೂ ಯಂತ್ರಗಳನ್ನು ಕಟ್ಟೆಯ ಮೇಲಿಟ್ಟು, ಧೋತರದ ಚುಂಗು ಮೇಲೆ ಸಿಕ್ಕಿಸಿಕೊಂಡು, ಅವನ ಬೆನ್ನು ಹತ್ತಿದ.